ಮರುಭೂಮಿಯ ಧೂಳು: ಉಪಗ್ರಹದ ಲೆಕ್ಕವನ್ನು ನೆಲದ ಲೆಕ್ಕದ ಜೊತೆ ಹೋಲಿಸುವುದು ಹೇಗೆ?

ಸೌದಿ ಅರೇಬಿಯಾದ ರಿಯಾದ್‌ನಿಂದ ವಾಯವ್ಯಕ್ಕೆ ಸುಮಾರು 50 ಕಿಲೋಮೀಟರ್ ಹೋದರೆ ಸೋಲಾರ್ ವಿಲೇಜ್ ಸಿಗುತ್ತದೆ. 1980ರ ದಶಕದ ಸೌರವಿದ್ಯುತ್ ಯೋಜನೆಯೊಂದರ ಜಾಗ ಅದು. ಸುತ್ತ ಕಲ್ಲು, ಮರಳು, ಬಿಸಿಲು. 1999ರಲ್ಲಿ ಅಲ್ಲಿ ಒಂದು ಸನ್ ಫೋಟೋಮೀಟರ್ ಶುರುವಾಯಿತು. ಹತ್ತು ವರ್ಷಕ್ಕಿಂತ ಜಾಸ್ತಿ ಕಾಲ ಅದು ಸೂರ್ಯನನ್ನು ನೋಡುತ್ತಾ, ಗಾಳಿಯಲ್ಲಿ ಧೂಳು ಎಷ್ಟಿದೆ ಎಂದು ಬರೆದಿಟ್ಟಿತು. ಅದೇ ವರ್ಷಗಳಲ್ಲಿ ನಾಸಾದ ಟೆರಾ ಮತ್ತು ಆಕ್ವಾ ಉಪಗ್ರಹಗಳು ಅದೇ ಜಾಗವನ್ನು ಮೇಲಿನಿಂದ ಅಳೆದವು. ಎರಡೂ ಡೇಟಾ ಉಚಿತ. ಹೋಲಿಕೆಯ ಕೆಲಸ ಕಲಿಯಲು ಇಷ್ಟು ಒಳ್ಳೆಯ ಜಾಗ ಸಿಗುವುದು ಕಷ್ಟ.

ಮಂಗಳೂರು, ಉಡುಪಿ, ಭಟ್ಕಳದಿಂದ ಗಲ್ಫ್‌ಗೆ ಹೋಗಿ ದುಡಿದವರಿಗೆ ಶಮಾಲ್ ಗಾಳಿ ಎಬ್ಬಿಸುವ ಧೂಳಿನ ಪರಿಚಯ ಚೆನ್ನಾಗಿಯೇ ಇರುತ್ತದೆ. ಆ ಧೂಳಿನ ಒಂದು ಪಾಲು ಅರಬ್ಬಿ ಸಮುದ್ರ ದಾಟಿ ನಮ್ಮ ಕಡೆಗೂ ಬರುತ್ತದೆ. ಹಾಗಾಗಿ ಇದು ಸುಮ್ನೆ ದೂರದ ಊರಿನ ವಿಷಯ ಅಂತ ಬಿಡುವ ಹಾಗಿಲ್ಲ.

ಎರಡು ಅಳತೆ ಬೇರೆ ಬೇರೆ ಬಂದ ಕೂಡಲೇ "ಉಪಗ್ರಹ ತಪ್ಪು ಹೇಳುತ್ತಿದೆ" ಎಂದು ಬರೆದು ಮುಗಿಸುವವರೇ ಹೆಚ್ಚು. ಆ ವ್ಯತ್ಯಾಸದಲ್ಲಿ ನಾವು ಎರಡು ಅಳತೆಗಳನ್ನು ಜೋಡಿಸಿದ ರೀತಿಯ ಪಾಲೆಷ್ಟು, ನೆಲದ ಹೊಳಪಿನ ಪಾಲೆಷ್ಟು, ಧೂಳಿನ ಗುಣದ ಪಾಲೆಷ್ಟು ಎಂದು ಬಿಡಿಸಬೇಕು. ಶ್ರಮವೆಲ್ಲ ಅಲ್ಲೇ ಇದೆ. ಈ ಮಾರ್ಗದರ್ಶಿಯ ಹೆಚ್ಚಿನ ಭಾಗವೂ ಅದಕ್ಕೇ.

ಮೊದಲು: ಇಬ್ಬರೂ ಅಳೆಯುವುದು ಏನನ್ನು?

ಹೋಲಿಸಬೇಕಾದ ಸಂಖ್ಯೆಯ ಹೆಸರು ಏರೋಸಾಲ್ ಆಪ್ಟಿಕಲ್ ಡೆಪ್ತ್, ಚಿಕ್ಕದಾಗಿ ಎಒಡಿ. ನೆಲದಿಂದ ಆಕಾಶದ ತುದಿಯವರೆಗೆ ಇರುವ ಧೂಳು, ಹೊಗೆ, ಉಪ್ಪಿನ ಕಣಗಳೆಲ್ಲ ಸೇರಿ ಬೆಳಕನ್ನು ಎಷ್ಟು ತಡೆಯುತ್ತವೆ ಎಂಬುದರ ಲೆಕ್ಕ ಅದು. 0.1 ಇದ್ದರೆ ಗಾಳಿ ಶುಭ್ರ. 1 ಇದ್ದರೆ, ನೆತ್ತಿಯ ಮೇಲಿನ ಸೂರ್ಯನ ನೇರ ಬೆಳಕಿನಲ್ಲಿ ಈ ಕಣಗಳನ್ನು ದಾಟಿ ಬರುವುದು ಶೇ. 37 ಮಾತ್ರ.

ನೆಲದ ಫೋಟೋಮೀಟರ್‌ನ ಕೆಲಸ ಸರಳ. ಸೂರ್ಯನ ಕಡೆ ತಿರುಗುತ್ತದೆ, ಬೆಳಕು ಎಷ್ಟು ಕುಗ್ಗಿದೆ ಎಂದು ಅಳೆಯುತ್ತದೆ. ನಡುವೆ ಊಹೆ ಕಡಿಮೆ. ಅದಕ್ಕೇ ಇಂಥ ಫೋಟೋಮೀಟರ್‌ಗಳ ಏರೋನೆಟ್ ಎಂಬ ಜಾಗತಿಕ ಜಾಲದ ಎಒಡಿಯಲ್ಲಿ ತಪ್ಪಿನ ಅಂದಾಜು ಬರೀ 0.01ರಿಂದ 0.02.

ಉಪಗ್ರಹದ ಕಥೆ ಬೇರೆ. ಅದಕ್ಕೆ ಕಾಣುವುದು ಮೇಲಕ್ಕೆ ಚಿಮ್ಮಿ ಬಂದ ಬೆಳಕು. ಅದರಲ್ಲಿ ನೆಲದ್ದೂ ಇದೆ, ಗಾಳಿಯದ್ದೂ ಇದೆ, ಧೂಳಿನದ್ದೂ ಇದೆ. ನೆಲದ ಪಾಲನ್ನು ಊಹಿಸಿ ಕಳೆಯಬೇಕು. ಕಾಡು, ಹೊಲದ ಮೇಲೆ ಇದು ಸಲೀಸು, ಯಾಕೆಂದರೆ ಕಡು ಬಣ್ಣದ ನೆಲದ ಮೇಲೆ ಧೂಳು ಬೆಳ್ಳಗೆ ಎದ್ದು ಕಾಣುತ್ತದೆ. ಮರಳಿನ ಮೇಲೆ? ಬಿಳಿ ಪಂಚೆಯ ಮೇಲೆ ಸುಣ್ಣ ಚೆಲ್ಲಿದರೆ ಕಾಣುತ್ತದೆಯೇ? ನೆಲದ ಹೊಳಪು ಒಂದು ಮಟ್ಟ ಮುಟ್ಟಿದರೆ ಧೂಳು ಎಷ್ಟೇ ಬರಲಿ, ಮೇಲಿನಿಂದ ಹೊಳಪು ಬದಲಾಗುವುದೇ ಇಲ್ಲ. ಅದನ್ನೂ ಮೀರಿದರೆ ಧೂಳು ಬಂದಾಗ ನೆಲ ಮಂಕಾಗಿ ಕಾಣುತ್ತದೆ.

ಇದಕ್ಕೆ ಕಂಡುಕೊಂಡ ದಾರಿ ನೀಲಿ ಬೆಳಕು. ಕೆಂಪು ಬೆಳಕಿನಲ್ಲಿ ಥಳಥಳ ಹೊಳೆಯುವ ಮರಳು 412 ನ್ಯಾನೊಮೀಟರ್‌ನ ಕಡುನೀಲಿಯಲ್ಲಿ ಸಾಕಷ್ಟು ಮಂಕು. ನಾಸಾದ ಕ್ರಿಸ್ಟಿನಾ ಶು ಮತ್ತು ತಂಡ ಕಟ್ಟಿದ ಡೀಪ್ ಬ್ಲೂ ವಿಧಾನ ನಿಂತಿರುವುದು ಇದರ ಮೇಲೆ. ಟೆರಾದಲ್ಲೇ ಇರುವ ಮಿಸರ್ ಉಪಕರಣ ಇನ್ನೊಂದು ದಾರಿ ಹಿಡಿಯುತ್ತದೆ: ಒಂಬತ್ತು ಕ್ಯಾಮೆರಾಗಳಿಂದ ಒಂದೇ ಜಾಗವನ್ನು ಒಂಬತ್ತು ಕೋನದಲ್ಲಿ ನೋಡುತ್ತದೆ. ಓರೆಯಾಗಿ ನೋಡಿದಷ್ಟೂ ಗಾಳಿಯ ಪಾಲು ಜಾಸ್ತಿ, ನೆಲದ ಪಾಲು ಕಡಿಮೆ. ಆದರೆ ಒಂದು ಸಲ ಹಾದಾಗ ಅದು ನೋಡುವ ನೆಲದ ಪಟ್ಟಿ ಸುಮಾರು 380 ಕಿಲೋಮೀಟರ್ ಅಗಲ ಅಷ್ಟೇ. ಟೆರಾ, ಆಕ್ವಾ ಎರಡರಲ್ಲೂ ಇರುವ, ಡೀಪ್ ಬ್ಲೂಗೆ ಡೇಟಾ ಕೊಡುವ ಮೋಡಿಸ್ ಉಪಕರಣದ್ದು 2,330. ಹಾಗಾಗಿ ಮಿಸರ್‌ನಲ್ಲಿ ನೆಲದ ಅಳತೆಯ ಜೊತೆ ಹೋಲಿಸಲು ಸಿಗುವ ಜೋಡಿಗಳು ತೀರಾ ಕಡಿಮೆ.

ಹಂತ 1: ಕೇಂದ್ರವನ್ನು ಆರಿಸಿ

ಮರುಭೂಮಿಯಲ್ಲಿರುವ ಎಲ್ಲ ಕೇಂದ್ರವೂ ಹೋಲಿಕೆಗೆ ಹೊಂದುವುದಿಲ್ಲ. ಅಲ್ಜೀರಿಯಾದ ತಮನ್ರಾಸೆಟ್ ಸಹಾರಾದ ನಡುವೆಯೇ ಇದೆ, ಆದರೆ ಅಹಗ್ಗರ್ ಪರ್ವತದ ಸೀಮೆಯಲ್ಲಿ, ಸುಮಾರು 1,370 ಮೀಟರ್ ಎತ್ತರದಲ್ಲಿ. ಕೆಳಗಿನ ಬಯಲಿನಲ್ಲಿ ತೆವಳುವ ಧೂಳು ಅದಕ್ಕೆ ಪೂರ್ತಿ ಸಿಗುವುದಿಲ್ಲ. ಉಪಗ್ರಹ ಸುತ್ತಲಿನ ತಗ್ಗನ್ನೂ ಸೇರಿಸಿ ಸರಾಸರಿ ತೆಗೆಯುತ್ತದೆ. ಟೆನೆರಿಫ್ ದ್ವೀಪದ ಇಜಾನಾ ಸುಮಾರು 2,400 ಮೀಟರ್ ಎತ್ತರದಲ್ಲಿದೆ. ಉಪಕರಣಗಳ ಕ್ಯಾಲಿಬ್ರೇಶನ್‌ಗೆ, ಅಂದರೆ ಅಳತೆ ಸರಿಯಿದೆಯೇ ಎಂದು ಪರೀಕ್ಷಿಸಿ ಹೊಂದಿಸಲು, ಬಂಗಾರದಂಥ ಜಾಗ, ಈ ಹೋಲಿಕೆಗೆ ಬೇಡ. ನೈಜರ್ ದೇಶದ ಬನಿಜುಂಬೂ ಒಳ್ಳೆಯ ಕೇಂದ್ರ. ಅಲ್ಲಿ ಚಳಿಗಾಲದಲ್ಲಿ ಹುಲ್ಲು, ಹೊಲ ಸುಟ್ಟ ಹೊಗೆ ಧೂಳಿನ ಜೊತೆ ಬೆರೆಯುತ್ತದೆ ಎಂಬುದು ನೆನಪಿರಲಿ.

ನಮ್ಮ ಥಾರ್ ಬೇಕೆಂದರೆ ಜೈಪುರದ ಏರೋನೆಟ್ ಕೇಂದ್ರ ಇದೆ. ಅದು ಮರುಭೂಮಿಯ ಅಂಚಿನಲ್ಲಿರುವ ದೊಡ್ಡ ನಗರ. ಮೇ, ಜೂನ್‌ನಲ್ಲಿ ಧೂಳಿನ ದರ್ಬಾರು, ಚಳಿಗಾಲದಲ್ಲಿ ಹೊಗೆಯದ್ದು, ಮಳೆಗಾಲದಲ್ಲಿ ಮೋಡದಿಂದಾಗಿ ಡೇಟಾನೇ ಕಡಿಮೆ. ಕಲಿಯುವವರು ಮೊದಲು ಸೋಲಾರ್ ವಿಲೇಜ್‌ನಲ್ಲಿ ಕೈ ಪಳಗಿಸಿ, ಆಮೇಲೆ ಜೈಪುರಕ್ಕೆ ಬರುವುದು ಒಳ್ಳೆಯದು.

ಮುಂದಿನ ಹಂತಗಳಿಗೆ ಸೋಲಾರ್ ವಿಲೇಜ್, 2003ರಿಂದ 2010ರ ಅವಧಿ, ಆಕ್ವಾದ ಮೋಡಿಸ್, ಡೀಪ್ ಬ್ಲೂ – ಇಷ್ಟನ್ನು ಇಟ್ಟುಕೊಳ್ಳೋಣ. ಟೆರಾ ಯಾಕೆ ಬೇಡ? ಅದರ ಮೋಡಿಸ್‌ನ ನೀಲಿ ಬ್ಯಾಂಡ್ ವರ್ಷ ಕಳೆದಂತೆ ಸವೆದಿದೆ. ಹೊಸ ಆವೃತ್ತಿಗಳಲ್ಲಿ ತಿದ್ದಿದ್ದಾರೆ ನಿಜ, ಆದರೂ ಮೊದಲ ಪ್ರಯತ್ನದಲ್ಲಿ ಈ ಗೊಂದಲ ಬೇಡ.

ಹಂತ 2: ಡೇಟಾ ಇಳಿಸಿಕೊಳ್ಳಿ

ಏರೋನೆಟ್ ತಾಣದಲ್ಲಿ ಆವೃತ್ತಿ 3, ಲೆವೆಲ್ 2.0 ಆರಿಸಿ. ಲೆವೆಲ್ 1.0 ಕಚ್ಚಾ ಸರಕು. 1.5ರಲ್ಲಿ ಮೋಡ ಸೋಸಿರುತ್ತಾರೆ. 2.0 ಅಂದರೆ ಉಪಕರಣವನ್ನು ವಾಪಸ್ ಒಯ್ದು ಮತ್ತೆ ಕ್ಯಾಲಿಬ್ರೇಟ್ ಮಾಡಿ ಖಾತ್ರಿಪಡಿಸಿದ್ದು. ದಿನದ ಸರಾಸರಿ ಬೇಡ, ಪ್ರತಿಯೊಂದು ಅಳತೆಯೂ ಇರುವ ಫೈಲ್ ಬೇಕು.

ಎಕ್ಸೆಲ್‌ನಲ್ಲಿ ಇದನ್ನು ನೇರವಾಗಿ ತೆರೆಯುವವರು ಹುಷಾರು. ಇದರಲ್ಲಿ ತಾರೀಕನ್ನು 10:03:2009 ಎಂದು, ನಡುವೆ ಕೋಲನ್ ಹಾಕಿ ಬರೆದಿರುತ್ತಾರೆ. ಎಕ್ಸೆಲ್ ಅದನ್ನು ಗಡಿಯಾರದ ಹೊತ್ತು ಅಂದುಕೊಳ್ಳಬಹುದು. ಪೈಥಾನ್‌ನ ಪಾಂಡಾಸ್‌ನಲ್ಲಿ ದಿನ, ತಿಂಗಳು, ವರ್ಷದ ಕ್ರಮವನ್ನು ಬಾಯಿ ಬಿಟ್ಟು ಹೇಳಿಬಿಡಿ. ಡೇಟಾ ಇಲ್ಲದ ಕಡೆ −999 ಇರುತ್ತದೆ, ಓದುವಾಗಲೇ ಅದನ್ನು ಖಾಲಿ ಮಾಡಿ. ಒಂದೇ ಒಂದು −999 ಉಳಿದರೂ ಸರಾಸರಿ ನೆಗೆದು ಬೀಳುತ್ತದೆ. ಸಮಯವೆಲ್ಲ ಗ್ರೀನಿಚ್ ಲೆಕ್ಕದಲ್ಲಿದೆ. ನಾವು ಆರಿಸಿದ ವರ್ಷಗಳಲ್ಲಿ ಆಕ್ವಾ ಸ್ಥಳೀಯ ಹೊತ್ತು ಮಧ್ಯಾಹ್ನ 1:30ರ ಆಸುಪಾಸು ಹಾದುಹೋಗುತ್ತಿತ್ತು. ರಿಯಾದ್‌ನಲ್ಲಿ ಆಗ ಗ್ರೀನಿಚ್ ಸಮಯ ಸುಮಾರು ಬೆಳಿಗ್ಗೆ 10:30.

ಮೋಡಿಸ್‌ಗೆ ನಾಸಾದ ಅರ್ತ್‌ಡೇಟಾ ಖಾತೆ ಬೇಕು, ಅದೂ ಉಚಿತ. ಏರೋಸಾಲ್‌ನ ಲೆವೆಲ್ 2 ಫೈಲ್‌ಗಳನ್ನು (ಏರೋನೆಟ್‌ನ ಲೆವೆಲ್‌ಗೂ ಇದಕ್ಕೂ ಸಂಬಂಧವಿಲ್ಲ), ಕಲೆಕ್ಷನ್ 6.1 ಎಂಬ ಆವೃತ್ತಿಯದ್ದನ್ನು ತೆಗೆದುಕೊಳ್ಳಿ. ಫೈಲ್ ಹೆಸರಿನಲ್ಲಿ 2009069 ಎಂದಿದ್ದರೆ 2009ರ 69ನೇ ದಿನ, ಅಂದರೆ ಮಾರ್ಚ್ 10. ಒಳಗಿನ ಎಒಡಿ ಪೂರ್ಣಾಂಕದಲ್ಲಿರುತ್ತದೆ, 0.001ರಿಂದ ಗುಣಿಸಬೇಕು. 470 ಎಂದರೆ 0.47. ಇಲ್ಲಿ ಖಾಲಿ ಜಾಗದ ಗುರುತು −9999. ಗುಣಿಸುವ ಮೊದಲೇ ಅದನ್ನು ತೆಗೆಯಿರಿ.

ನಾಸಾದ ಜೋವಾನಿ ತಾಣದಲ್ಲಿ ಸಿಗುವ 1 ಡಿಗ್ರಿ ಚೌಕದ ತಿಂಗಳ ಸರಾಸರಿ ನಕ್ಷೆಗಳು ಚೆಂದ ಕಾಣುತ್ತವೆ. ನೋಡಲು ಬಳಸಿ, ಹೋಲಿಕೆಗೆ ಬೇಡ. ಉಪಗ್ರಹ ಯಾವ ದಿನ ನೋಡಿತು, ಫೋಟೋಮೀಟರ್ ಯಾವ ದಿನ ನೋಡಿತು ಎಂಬುದು ಸರಾಸರಿಯಲ್ಲಿ ಅಳಿಸಿಹೋಗಿರುತ್ತದೆ.

ಹಂತ 3: ತರಂಗಾಂತರ ಸರಿಹೊಂದಿಸಿ

ಉಪಗ್ರಹ ಕೊಡುವುದು 550 ನ್ಯಾನೊಮೀಟರ್‌ನ ಎಒಡಿ. ಏರೋನೆಟ್‌ನ ಸಾಮಾನ್ಯ ಫೋಟೋಮೀಟರ್‌ನಲ್ಲಿ 550 ಇಲ್ಲ. 440, 500, 675, 870 ಹೀಗೆ ಇರುತ್ತವೆ. ನಡುವಿನದ್ದನ್ನು ಆಂಗ್‌ಸ್ಟ್ರಾಮ್ ಘಾತ ಬಳಸಿ ಲೆಕ್ಕ ಹಾಕಬೇಕು. ತರಂಗಾಂತರ ಬದಲಾದಂತೆ ಎಒಡಿ ಎಷ್ಟು ಬದಲಾಗುತ್ತದೆ ಎಂದು ಹೇಳುವ ಸಂಖ್ಯೆ ಅದು.

ಒಂದು ಉದಾಹರಣೆ ಮಾಡಿಯೇ ನೋಡೋಣ. 440ರಲ್ಲಿ ಎಒಡಿ 0.62, 675ರಲ್ಲಿ 0.56 ಎಂದುಕೊಳ್ಳಿ. 0.62 ÷ 0.56 = 1.107, ಇದರ ಸ್ವಾಭಾವಿಕ ಲಾಗರಿದಮ್ 0.102. 440 ÷ 675 = 0.652, ಇದರ ಲಾಗರಿದಮ್ −0.428. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ ಚಿಹ್ನೆ ಬದಲಿಸಿದರೆ 0.24. ಇದೇ ಆಂಗ್‌ಸ್ಟ್ರಾಮ್ ಘಾತ. ಈಗ 550 ÷ 440 = 1.25, ಇದನ್ನು −0.24ರ ಘಾತಕ್ಕೆ ಏರಿಸಿದರೆ ಸುಮಾರು 0.95. 0.62 × 0.95 = 0.59. ನಿಮಗೆ ಬೇಕಾದ ಸಂಖ್ಯೆ ಇದು.

ಘಾತ 0.24 ಇರುವಾಗ 440ಕ್ಕೂ 550ಕ್ಕೂ ಇರುವ ವ್ಯತ್ಯಾಸ 0.03 ಮಾತ್ರ. ಹೊಗೆ ತುಂಬಿದ ದಿನ ಘಾತ 1.6 ಇದ್ದರೆ ಅದೇ 0.62 ಇಳಿದು 0.43 ಆಗುತ್ತದೆ. ಮರುಭೂಮಿಯಲ್ಲಿ ಈ ಹಂತವನ್ನು ಬಿಟ್ಟರೂ ದೊಡ್ಡ ನಷ್ಟ ಕಾಣದು, ಜೈಪುರದ ಚಳಿಗಾಲದಲ್ಲಿ ಬಿಟ್ಟರೆ ಕೆಟ್ಟಿತು. ಆದ್ದರಿಂದ ಎಲ್ಲ ಕಡೆ ಮಾಡಿ. ಘಾತವನ್ನು ಪ್ರತ್ಯೇಕ ಕಾಲಮ್‌ನಲ್ಲಿ ಉಳಿಸಿಕೊಳ್ಳಿ, ಮುಂದೆ ತುಂಬಾ ಬೇಕಾಗುತ್ತದೆ. ಘಾತ ಚಿಕ್ಕದಿದ್ದರೆ ಕಣ ದಪ್ಪ, ಅಂದರೆ ಧೂಳು. 1 ದಾಟಿದರೆ ಹೊಗೆಯಂಥ ಸಣ್ಣ ಕಣಗಳದ್ದೇ ಮೇಲುಗೈ.

ಹಂತ 4: ಜಾಗ ಮತ್ತು ಹೊತ್ತನ್ನು ಜೋಡಿಸಿ

ಫೋಟೋಮೀಟರ್ ಒಂದೇ ಬಿಂದುವಿನಲ್ಲಿ ನಿಂತು ಇಡೀ ದಿನ ನೋಡುತ್ತದೆ. ಉಪಗ್ರಹ ಒಂದು ಕ್ಷಣದಲ್ಲಿ ನೂರಾರು ಕಿಲೋಮೀಟರ್ ನೋಡುತ್ತದೆ. ಇವೆರಡನ್ನೂ ಕೂಡಿಸುವ ರೂಢಿಯ ದಾರಿ ಇದು: ಕೇಂದ್ರದ ಸುತ್ತ 25 ಕಿಲೋಮೀಟರ್ ತ್ರಿಜ್ಯದೊಳಗಿನ ಉಪಗ್ರಹ ಪಿಕ್ಸೆಲ್‌ಗಳ ಸರಾಸರಿ, ಉಪಗ್ರಹ ಹಾದ ಹೊತ್ತಿಗೆ ಹಿಂದೆ ಮುಂದೆ 30 ನಿಮಿಷದ ಫೋಟೋಮೀಟರ್ ಅಳತೆಗಳ ಸರಾಸರಿ. ಧೂಳು ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಸಾಗಿದರೆ ಒಂದು ಗಂಟೆಯಲ್ಲಿ 50 ಕಿಲೋಮೀಟರ್ ವ್ಯಾಸದ ಆ ವೃತ್ತವನ್ನು ದಾಟುತ್ತದೆ. ಜಾಗದ ಸರಾಸರಿಯೂ ಹೊತ್ತಿನ ಸರಾಸರಿಯೂ ಹೀಗೆ ತಾಳೆಯಾಗುತ್ತವೆ.

ಕನಿಷ್ಠ ಐದು ಪಿಕ್ಸೆಲ್, ಕನಿಷ್ಠ ಎರಡು ನೆಲದ ಅಳತೆ ಇಲ್ಲದ ಜೋಡಿಯನ್ನು ಕೈಬಿಡಿ. ಮೋಡಿಸ್‌ನ 10 ಕಿಲೋಮೀಟರ್ ಪಿಕ್ಸೆಲ್ ಪಟ್ಟಿಯ ಅಂಚಿಗೆ ಹೋದಂತೆ ಹಿಗ್ಗುತ್ತದೆ, ತುದಿಯಲ್ಲಿ ಉದ್ದ 40 ಕಿಲೋಮೀಟರ್ ದಾಟುತ್ತದೆ. ಹಾಗಾಗಿ ಅಂಚಿನ ದಿನಗಳಲ್ಲಿ ಐದು ಪಿಕ್ಸೆಲ್ ಸಿಗದೇ ಹೋಗಬಹುದು. ಪ್ರತಿ ಜೋಡಿಗೂ ಸರಾಸರಿಯ ಜೊತೆ ಸ್ಟ್ಯಾಂಡರ್ಡ್ ಡೀವಿಯೇಶನ್ (ಅಳತೆಗಳು ಎಷ್ಟು ಚೆಲ್ಲಿವೆ ಎಂಬ ಲೆಕ್ಕ), ಉಪಗ್ರಹದ ನೋಟದ ಕೋನ, ಪಿಕ್ಸೆಲ್ ಎಣಿಕೆ ಎಲ್ಲವನ್ನೂ ಬರೆದಿಡಿ.

ಪ್ರತಿ ಪಿಕ್ಸೆಲ್ ಎಷ್ಟು ನಂಬಲರ್ಹ ಎಂದು ಹೇಳುವ ಗುಣಮಟ್ಟದ ಗುರುತನ್ನು ಮರೆಯಬೇಡಿ. ಡೀಪ್ ಬ್ಲೂನಲ್ಲಿ "ಬೆಸ್ಟ್ ಎಸ್ಟಿಮೇಟ್" ಎಂಬ ಪದರ ಇದೆ, ಅದರಲ್ಲಿ ಗುರುತು 2 ಮತ್ತು 3 ಇರುವ ಪಿಕ್ಸೆಲ್‌ಗಳನ್ನು ಮಾತ್ರ ಉಳಿಸಿರುತ್ತಾರೆ. ಅದನ್ನೇ ಬಳಸಿ.

ಇಷ್ಟಾದ ಮೇಲೆ ಇಡೀ ಲೆಕ್ಕವನ್ನು 15 ಕಿಲೋಮೀಟರ್ ಮತ್ತು 15 ನಿಮಿಷಕ್ಕೆ ಒಮ್ಮೆ, 40 ಕಿಲೋಮೀಟರ್ ಮತ್ತು 60 ನಿಮಿಷಕ್ಕೆ ಒಮ್ಮೆ ಮತ್ತೆ ಓಡಿಸಿ. ಫಲಿತಾಂಶ ಹೆಚ್ಚು ಕದಲದಿದ್ದರೆ ಜೋಡಣೆ ಗಟ್ಟಿ. ಕದಲಿದರೆ ವ್ಯತ್ಯಾಸದ ಒಂದು ಪಾಲು ನಿಮ್ಮ ಜೋಡಣೆಯದ್ದೇ. ಅದನ್ನು ಉಪಗ್ರಹದ ತಲೆಗೆ ಕಟ್ಟಬೇಡಿ.

ಹಂತ 5: ಚಿತ್ರ ಬರೆಯಿರಿ, ಸಂಖ್ಯೆ ತೆಗೆಯಿರಿ

ಅಡ್ಡಕ್ಕೆ ಏರೋನೆಟ್, ಲಂಬಕ್ಕೆ ಉಪಗ್ರಹ. ಒಂದಕ್ಕೊಂದು ಸಮವಿರುವ ಗೆರೆ ಎಳೆಯಿರಿ. ಅದರ ಎರಡೂ ಬದಿಗೆ ±(0.05 + ಎಒಡಿಯ ಶೇ. 15) ಎಂಬ ಗಡಿ ಹಾಕಿ. ಇದು ಈ ಕ್ಷೇತ್ರದಲ್ಲಿ ಬಳಕೆಯಲ್ಲಿರುವ ಅಳತೆಗೋಲು. ಮೇಲಿನ ಉದಾಹರಣೆಯಲ್ಲಿ ನೆಲದ ಎಒಡಿ 0.59, ಗಡಿ 0.05 + 0.09 = 0.14. ಉಪಗ್ರಹ 0.47 ಹೇಳಿದ್ದರೆ ವ್ಯತ್ಯಾಸ 0.12, ಗಡಿಯೊಳಗೇ ಇದೆ. ಮೂರರಲ್ಲಿ ಎರಡು ಪಾಲು ಜೋಡಿಗಳು ಒಳಗಿದ್ದರೆ ಪಾಸು.

ಎರಡು ಅಳತೆ ಎಷ್ಟರಮಟ್ಟಿಗೆ ಒಟ್ಟೊಟ್ಟಿಗೆ ಏರಿಳಿಯುತ್ತವೆ ಎಂದು ಹೇಳುವ ಕೋರಿಲೇಶನ್ ಒಂದನ್ನೇ ನೋಡಿ ಖುಷಿಪಡಬೇಡಿ. ಉಪಗ್ರಹ ಯಾವಾಗಲೂ ನಿಜದ ಅರ್ಧದಷ್ಟೇ ಹೇಳಿದರೂ ಕೋರಿಲೇಶನ್ 1 ಬರುತ್ತದೆ, ಅಲ್ವಾ? ಮರುಭೂಮಿಯಲ್ಲಿ ನಾಲ್ಕೈದು ಬಿರುಗಾಳಿ ದಿನಗಳು ಸೇರಿದರೆ ಸಾಕು, ಉಳಿದ ನೂರಾರು ಬಿಂದುಗಳು ಹೇಗೇ ಚೆಲ್ಲಿರಲಿ, ಕೋರಿಲೇಶನ್ ಏರಿಬಿಡುತ್ತದೆ. ಎಳೆದ ಗೆರೆಯ ಇಳಿಜಾರೂ ಆ ನಾಲ್ಕೈದು ಬಿಂದುಗಳು ಹೇಳಿದಂತೆ ಕುಣಿಯುತ್ತದೆ. ಎಒಡಿಯನ್ನು 0ರಿಂದ 0.2, 0.2ರಿಂದ 0.4 ಹೀಗೆ ಗುಂಪು ಮಾಡಿ, ಪ್ರತಿ ಗುಂಪಿನಲ್ಲಿ ವ್ಯತ್ಯಾಸದ ಮಧ್ಯಮ ಮೌಲ್ಯ (ಮೀಡಿಯನ್) ನೋಡಿ. ನನ್ನ ಪ್ರಕಾರ ಇಡೀ ವರದಿಯಲ್ಲಿ ಹೆಚ್ಚು ಮಾತಾಡುವ ಚಿತ್ರ ಇದೇ.

ಹಂತ 6: ವ್ಯತ್ಯಾಸ ಯಾಕೆ ಬಂತು ಎಂದು ಹುಡುಕಿ

ಇಲ್ಲಿ ಅವಸರ ಬೇಡ. ವ್ಯತ್ಯಾಸವನ್ನು, ಅಂದರೆ ಉಪಗ್ರಹದ್ದರಿಂದ ನೆಲದ್ದನ್ನು ಕಳೆದದ್ದನ್ನು, ಒಂದೊಂದೇ ವಿಷಯದ ಎದುರು ಇಟ್ಟು ನೋಡಿ.

ಮೊದಲು ಎಒಡಿ ಎದುರು. ಗಾಳಿ ಶುಭ್ರವಿರುವ ದಿನಗಳಲ್ಲೂ ಉಪಗ್ರಹ ಒಂದೇ ಪ್ರಮಾಣದಲ್ಲಿ ಹೆಚ್ಚು ಹೇಳುತ್ತಿದ್ದರೆ ಬೊಟ್ಟು ನೆಲದ ಕಡೆ ಹೋಗುತ್ತದೆ. ವಿಧಾನ ನೆಲವನ್ನು ನಿಜಕ್ಕಿಂತ ಮಂಕು ಎಂದುಕೊಂಡಿದೆ, ಮಿಕ್ಕ ಹೊಳಪನ್ನೆಲ್ಲ ಧೂಳಿನ ಲೆಕ್ಕಕ್ಕೆ ಬರೆದಿದೆ. ಶುಭ್ರ ದಿನಗಳಲ್ಲಿ ಸರಿಯಿದ್ದು, ಧೂಳು ಏರಿದಂತೆಲ್ಲ ಉಪಗ್ರಹ ಹಿಂದೆ ಬೀಳುತ್ತಿದ್ದರೆ ಧೂಳಿನ ಗುಣದ ಊಹೆ ತಪ್ಪಿದೆ. ನಿಜದ ಧೂಳು ಊಹಿಸಿದ್ದಕ್ಕಿಂತ ಜಾಸ್ತಿ ಬೆಳಕು ಹೀರುತ್ತಿರಬಹುದು. ಹೀರಿದ ಬೆಳಕು ಮೇಲೆ ಬರುವುದಿಲ್ಲ, ಉಪಗ್ರಹಕ್ಕೆ ಧೂಳು ಕಡಿಮೆ ಎಂದೇ ಕಾಣುತ್ತದೆ.

ಆಮೇಲೆ ತಿಂಗಳ ಎದುರು. ರಿಯಾದ್ ಸುತ್ತ ಧೂಳು ಜೋರಾಗುವುದು ಮಾರ್ಚ್‌ನಿಂದ. ಇದ್ದಷ್ಟು ಮಳೆ ಬರುವುದು ಹೆಚ್ಚಾಗಿ ನವೆಂಬರ್‌ನಿಂದ ಏಪ್ರಿಲ್ ನಡುವೆ. ಒದ್ದೆ ಮರಳು ಒಣ ಮರಳಿಗಿಂತ ಕಪ್ಪು. ಆದರೆ ಡೀಪ್ ಬ್ಲೂ ನೆಲದ ಹೊಳಪನ್ನು ಮೊದಲೇ ಮಾಡಿಟ್ಟ ಪಟ್ಟಿಯಿಂದ ತೆಗೆಯುತ್ತದೆ. ಮಳೆ ಬಂದ ಮರುದಿನ ಪಟ್ಟಿ ಹೇಳುವುದು ಒಣ ನೆಲದ ಹೊಳಪನ್ನು. ಆ ದಿನ ಎಒಡಿ ಕಡಿಮೆ ಬಂದರೆ ಆಶ್ಚರ್ಯವಿಲ್ಲ. ಮಳೆಯ ದಾಖಲೆ ಸಿಕ್ಕರೆ ಆ ದಿನಗಳನ್ನು ಬೇರೆ ಬಣ್ಣದಲ್ಲಿ ಗುರುತಿಸಿ.

ಆಂಗ್‌ಸ್ಟ್ರಾಮ್ ಘಾತದ ಎದುರು ಇಟ್ಟರೆ ಧೂಳಿನ ದಿನ ಮತ್ತು ನಗರದ ಹೊಗೆ ಬೆರೆತ ದಿನ ಬೇರೆಯಾಗುತ್ತವೆ. ನೋಟದ ಕೋನದ ಎದುರು ಇಟ್ಟರೆ ಅಂಚಿನ ಪಿಕ್ಸೆಲ್‌ಗಳ ತೊಂದರೆ ಹೊರಬೀಳುತ್ತದೆ.

ನೆಲದ ಉಪಕರಣವನ್ನೂ ಅನುಮಾನಿಸಿ. ಮರುಭೂಮಿಯಲ್ಲಿ ಫೋಟೋಮೀಟರ್‌ನ ಗಾಜಿನ ಮೇಲೆ ಧೂಳು ಕೂರುತ್ತದೆ, ನಳಿಗೆಯೊಳಗೆ ಜೇಡ ಬಲೆ ಕಟ್ಟುವುದೂ ಉಂಟು. ಆಗ ಬೆಳಕು ಸುಳ್ಳುಸುಳ್ಳೇ ಕುಗ್ಗಿ, ಎಒಡಿ ಸುಳ್ಳುಸುಳ್ಳೇ ಏರುತ್ತದೆ. ಇದನ್ನು ಹಿಡಿಯಲು ಒಂದು ಉಪಾಯವಿದೆ. ಒಟ್ಟು ಕುಗ್ಗಿದ್ದನ್ನು ಬೆಳಕು ದಾಟಿದ ಗಾಳಿಯ ದಾರಿಯ ಉದ್ದದಿಂದ ಭಾಗಿಸಿ ಎಒಡಿ ತೆಗೆಯುತ್ತಾರೆ. ಬೆಳಿಗ್ಗೆ, ಸಂಜೆ ಆ ದಾರಿ ಉದ್ದ, ಮಧ್ಯಾಹ್ನ ಗಿಡ್ಡ. ಕೊಳೆಯಿಂದ ಬಂದ ತಪ್ಪು ದಿನವಿಡೀ ಒಂದೇ ಇದ್ದರೂ, ಭಾಗಿಸುವಾಗ ಮಧ್ಯಾಹ್ನ ಅದು ದೊಡ್ಡದಾಗಿ ಉಳಿಯುತ್ತದೆ. ದಿನದ ಎಒಡಿ ಗೆರೆ ಪ್ರತಿ ದಿನವೂ ನಡುಹಗಲಿಗೆ ಗುಡ್ಡದಂತೆ ಉಬ್ಬಿದರೆ ಗಾಜು ಕೊಳೆಯಾಗಿದೆ ಎಂದು ಅನುಮಾನಿಸಬಹುದು. ಆಕ್ವಾ ಬರುತ್ತಿದ್ದುದೂ ಹೆಚ್ಚುಕಡಿಮೆ ಆ ಹೊತ್ತಿಗೇ. ಲೆವೆಲ್ 2.0ರಲ್ಲಿ ಇಂಥವನ್ನು ಬಹುಪಾಲು ತೆಗೆದಿರುತ್ತಾರೆ, 1.5 ಬಳಸುವವರು ಮಾತ್ರ ಕಣ್ಣಿಡಬೇಕು.

ಹಂತ 7: ಕಾಣದ ದಿನಗಳನ್ನೂ ಎಣಿಸಿ

2009ರ ಮಾರ್ಚ್ 10ರಂದು ರಿಯಾದ್‌ಗೆ ಭಾರಿ ಧೂಳಿನ ಬಿರುಗಾಳಿ ಅಪ್ಪಳಿಸಿತು. ವಿಮಾನ ಹಾರಾಟ ನಿಂತಿತು. ಸೋಲಾರ್ ವಿಲೇಜ್‌ನಲ್ಲಿ ಎಒಡಿ ಸುಮಾರು 0.4ರಿಂದ 1.7ಕ್ಕೆ ನೆಗೆಯಿತು, ಆಂಗ್‌ಸ್ಟ್ರಾಮ್ ಘಾತ ಸೊನ್ನೆಗಿಂತ ಕೆಳಗೆ ಇಳಿಯಿತು. ಕಣಗಳು ಅಷ್ಟು ದಪ್ಪವಿದ್ದವು.

ಇಂಥ ದಿನವೇ ಹೋಲಿಕೆಯಿಂದ ಜಾರಿಹೋಗುವ ಅಪಾಯ ಹೆಚ್ಚು. ಉಪಗ್ರಹದ ಮೋಡ ಸೋಸುವ ಜರಡಿ ಅಕ್ಕಪಕ್ಕದ ಪಿಕ್ಸೆಲ್‌ಗಳ ಹೊಳಪು ಏರುಪೇರಾಗಿದೆಯೇ ಎಂದು ನೋಡುತ್ತದೆ. ಧೂಳಿನ ಗೋಡೆಯ ಅಂಚೂ ಹಾಗೇ ಏರುಪೇರು, ಅದೂ ಮೋಡ ಎಂದು ಹೊರಹೋಗುತ್ತದೆ. ಫೋಟೋಮೀಟರ್‌ನ ಜರಡಿ ಅರ್ಧರ್ಧ ನಿಮಿಷದ ಅಂತರದಲ್ಲಿ ತೆಗೆದ ಮೂರು ಅಳತೆಗಳು ತಾಳೆಯಾಗುತ್ತವೆಯೇ ಎಂದು ನೋಡುತ್ತದೆ. ದಟ್ಟ ಧೂಳಿನಲ್ಲಿ ತಾಳೆಯಾಗದೇ ಹೋಗಬಹುದು. ಹೆಚ್ಚೇ ಧೂಳಾದರೆ ಸೂರ್ಯನೇ ಸಿಗುವುದಿಲ್ಲ. ನಿಮ್ಮ ಚಿತ್ರದಲ್ಲಿ ಉಳಿಯುವುದು ಇಬ್ಬರೂ ಒಪ್ಪಿದ ಸಾಧಾರಣ ದಿನಗಳು.

ಆದ್ದರಿಂದ ಒಂದು ಪುಟ್ಟ ಕೋಷ್ಟಕ ಮಾಡಿ: ಇಬ್ಬರೂ ನೋಡಿದ ದಿನ, ನೆಲ ಮಾತ್ರ ನೋಡಿದ ದಿನ, ಉಪಗ್ರಹ ಮಾತ್ರ ನೋಡಿದ ದಿನ, ಯಾರೂ ನೋಡದ ದಿನ. ನೆಲ ಮಾತ್ರ ನೋಡಿದ ದಿನಗಳ ಸರಾಸರಿ ಎಒಡಿ, ಇಬ್ಬರೂ ನೋಡಿದ ದಿನಗಳದ್ದಕ್ಕಿಂತ ಬಹಳ ಹೆಚ್ಚಿದ್ದರೆ ಉಪಗ್ರಹ ಧೂಳಿನ ದಿನಗಳನ್ನೇ ಬಿಡುತ್ತಿದೆ ಎಂದರ್ಥ. ಬಿಂದುಚಿತ್ರ ಎಷ್ಟೇ ಚೆನ್ನಾಗಿ ಬಂದಿರಲಿ, ಈ ಕೋಷ್ಟಕ ಇಲ್ಲದಿದ್ದರೆ ತಿಂಗಳ ಸರಾಸರಿಯನ್ನು ನಂಬಬೇಡಿ.

ಪಿಎಂ10 ಜೊತೆ ಹೋಲಿಸಬಹುದಾ?

ಬಹಳ ಜನ ಕೇಳುವ ಪ್ರಶ್ನೆ. ನೇರವಾಗಿ ಆಗುವುದಿಲ್ಲ. ಪಿಎಂ10, ಅಂದರೆ 10 ಮೈಕ್ರೊಮೀಟರ್‌ವರೆಗಿನ ಸಣ್ಣ ಕಣಗಳ ಪ್ರಮಾಣ, ಮೂಗಿನ ಮಟ್ಟದ ಗಾಳಿಯದ್ದು, ಎಒಡಿ ಇಡೀ ಆಕಾಶದ ಕಂಬದ್ದು. ಸಹಾರಾದ ಧೂಳು ಬೇಸಿಗೆಯಲ್ಲಿ 5 ಕಿಲೋಮೀಟರ್ ಎತ್ತರದವರೆಗೂ ಏರುತ್ತದೆ. ಆಗ ನೆಲದಲ್ಲಿ ಗಾಳಿ ತಿಳಿಯಾಗಿದ್ದರೂ ಎಒಡಿ ಜಾಸ್ತಿ ಬರಬಹುದು. ಧೂಳು ಯಾವ ಎತ್ತರದಲ್ಲಿದೆ ಎಂದು ತಿಳಿಯಲು ಲೇಸರ್ ಬೆಳಕು ಬಿಟ್ಟು ಅಳೆಯುವ ಲೈಡಾರ್ ಬೇಕು. 2006ರಿಂದ 2023ರವರೆಗೆ ಕೆಲಸ ಮಾಡಿದ ಕ್ಯಾಲಿಪ್ಸೊ ಉಪಗ್ರಹದ ಡೇಟಾ ಇದಕ್ಕೆ ಒದಗುತ್ತದೆ, ಆದರೆ ಅದು ನೋಡುತ್ತಿದ್ದುದು ನೂಲಿನಂಥ ಸಣ್ಣ ಪಟ್ಟಿಯನ್ನು.

ವರದಿಯಲ್ಲಿ ಏನಿರಬೇಕು

ಏರೋನೆಟ್ ಆವೃತ್ತಿ ಮತ್ತು ಲೆವೆಲ್, ಮೋಡಿಸ್ ಕಲೆಕ್ಷನ್, ಬಳಸಿದ ಪದರದ ಪೂರ್ತಿ ಹೆಸರು, ಗುಣಮಟ್ಟದ ಗುರುತು, ತ್ರಿಜ್ಯ, ಸಮಯದ ಕಿಂಡಿ, ಕನಿಷ್ಠ ಪಿಕ್ಸೆಲ್ ಎಣಿಕೆ, 550ಕ್ಕೆ ತಂದ ರೀತಿ, ಜೋಡಿಗಳ ಒಟ್ಟು ಸಂಖ್ಯೆ. ಜೊತೆಗೆ ಡೇಟಾ ಇಳಿಸಿಕೊಂಡ ತಾರೀಕು. ಹಳೆಯ ಪ್ರಬಂಧಗಳಲ್ಲಿ ಇದೇ ಸೋಲಾರ್ ವಿಲೇಜ್‌ಗೆ ಬೇರೆ ಸಂಖ್ಯೆಗಳು ಕಂಡರೆ ಗಾಬರಿಯಾಗಬೇಡಿ. ಅವರು ಕಲೆಕ್ಷನ್ 5 ಮತ್ತು ಏರೋನೆಟ್ ಆವೃತ್ತಿ 2 ಬಳಸಿರುತ್ತಾರೆ. ಆವೃತ್ತಿ 3ರಲ್ಲಿ ಮೋಡ ಸೋಸುವ ಕ್ರಮವೇ ಬದಲಾಗಿದೆ. ಅವರ ಇಳಿಜಾರಿನ ಸಂಖ್ಯೆಯ ಪಕ್ಕ ನಿಮ್ಮದನ್ನು ಇಡುವ ಮೊದಲು ಇಬ್ಬರ ಆವೃತ್ತಿಯೂ ಒಂದೇನಾ ಎಂದು ನೋಡಿಕೊಳ್ಳಿ.